ಹಲ್ಲು ಒಳಗೆ ಹಾಕಿಸುವ ಸ್ಟುಡಿಯೋ

ಗಿರಾಕಿ ನಕ್ಕರೆ ಸಿಟ್ಟಿಗೇಳುವ ಫೋಟೋಗ್ರಾಫರನ್ನು ನೀವು ಕಂಡಿದ್ದೀರಾ? ಇಲ್ಲವೆಂದರೆ ವಿಜಯಪುರದ ಗಾಂಧಿ ಚೌಕಕ್ಕೆ ಬನ್ನಿ. ಅಲ್ಲೇ ಹಿಂದಿನ ಓಣಿಯಲ್ಲಿ ನನ್ನ ಸೋದರಮಾವನ, ಅಂದರೆ ಮಾಮಾನ ಸ್ಟುಡಿಯೋ ಇದೆ. ನಗುತ್ತ ಒಳಗೆ ಹೋದವರು ಬೈಸಿಕೊಂಡೇ ಹೊರಗೆ ಬರುತ್ತಾರೆ. ಆದರೆ ಕೈಯಲ್ಲಿರುವ ಫೋಟೋ ಮಾತ್ರ ಥೇಟ್ ಅವರದೇ ಇರುತ್ತದೆ!

ಒಮ್ಮೆ ತಿಕೋಟಾದ ಒಣದ್ರಾಕ್ಷಿ ಸಾಹುಕಾರರೊಬ್ಬರು ಬಂದು ಕುರ್ಚಿಯಲ್ಲಿ ಕೂತು ಮೂವತ್ತೆರಡೂ ಹಲ್ಲು ತೋರಿಸಿದರು.

"ಹಲ್ಲು ಒಳಗ ಹಾಕ್ರಿ ಸಾಹುಕಾರ್ರ. ಹಲ್ಲಿನ ಡಾಕ್ಟರ್ ಮುಂದಿನ ಓಣ್ಯಾಗ ಅದಾರ."

ಸಾಹುಕಾರರು ಮುಖ ಗಂಟಿಕ್ಕಿದರು. ಮಾಮಾ ಮೆಲ್ಲಗೆ, "ಈ ಸಲ ಹಣ್ಣು ಹೆಂಗ ಬಿಟ್ಟಾವ್ರಿ?" ಅಂದರು. ಶುರುವಾಯಿತು ನೋಡಿ ದ್ರಾಕ್ಷಿ ಪುರಾಣ! ತಮಗೊಂದು ಮುಖವಿದೆ ಎನ್ನುವುದನ್ನೇ ಸಾಹುಕಾರರು ಮರೆತ ಹೊತ್ತಿಗೆ ಮಾಮಾ ಫೋಟೋ ತೆಗೆದಾಗಿತ್ತು.

"ಮಂದಿ ಇಲ್ಲಿಗಿ ಬರೂ ಮುಂದ ಮುಖಕ್ಕ ಕೀಲಿ ಹಾಕ್ಕೊಂಡ ಬರ್ತಾರ. ಮದಲ ಅದನ್ನ ತಗೀಬೇಕು. ಲೈಟು, ಲೆನ್ಸು ಎಲ್ಲಾ ಆಮ್ಯಾಲ" ಎನ್ನುವುದು ಅವರ ವಾದ.

ಇಂಥವರಿಗೂ ಸೋಲದ ಮುಖವೊಂದಿತ್ತು. ಅದು ಅವರ ಅಕ್ಕನದು, ಅಂದರೆ ನಮ್ಮವ್ವನದು. ಕ್ಯಾಮೆರಾ ಕಂಡರೆ ಸಾಕು, ಅವ್ವ ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಶಾಲೆಯ ಪ್ರಾರ್ಥನೆಗೆ ನಿಂತಂತೆ ನಿಲ್ಲುತ್ತಿದ್ದಳು. ನನ್ನ ಮದುವೆಯ ಆಲ್ಬಮ್ಮಿನ ತುಂಬ ಅವಳು ಕಣ್ಣು ಮುಚ್ಚಿದ್ದಾಳೆ. ಊರ ಮಂದಿಯ ಮುಖವೆಲ್ಲ ತೆಗೆದ ತನಗೆ ಒಡಹುಟ್ಟಿದವಳದೊಂದು ಒಳ್ಳೆಯ ಫೋಟೋ ಸಿಗಲಿಲ್ಲವಲ್ಲ ಎಂದು ಮಾಮಾ ಒಳಗೊಳಗೇ ಕೊರಗುತ್ತಿದ್ದರು.

ಒಂದು ರವಿವಾರ ತಿಕೋಟಾದ ನಮ್ಮ ಮನೆಗೆ ಬಂದರು. ನಾಲ್ಕು ಸಜ್ಜಿ ರೊಟ್ಟಿ ಮುಗಿಸಿ, ಅಕ್ಕನ ಎದುರು ಕ್ಯಾಮೆರಾ ಹಿಡಿದು ಕೂತರು. ಅವ್ವ ಎಂದಿನಂತೆ ಸೆಟೆದುಕೊಂಡಳು. ಮಾಮಾ ನನ್ನನ್ನು ಕರೆದರು:

"ಲೇ ತಮ್ಮಾ, ನನ್ನ ಹಿಂದ ಬಂದು ನಿಂದ್ರು. ನಿನ್ನಿ ಬಸ್ಸಿಂದು ನಿಮ್ಮವ್ವಗ ಹೇಳು."

ಹೇಳಿದೆ. ಹಿಂದಿನ ದಿನ ವಿಜಯಪುರದಲ್ಲಿ ಕೆಲಸ ಮುಗಿಸಿ ತಿಕೋಟಾಕ್ಕೆ ಬರಬೇಕಾದವನು, ಯಾವುದೋ ಗುಂಗಿನಲ್ಲಿ ಹುಡುಗತನದ ರೂಢಿಯಂತೆ ಬಬಲೇಶ್ವರದ ಬಸ್ ಹತ್ತಿ, ಟಿಕೀಟನ್ನೂ ತೆಗೆಸಿ, ಅಜ್ಜಿಯ ಊರಿನಲ್ಲಿ ಇಳಿದಿದ್ದೆ! ಅಲ್ಲಿಂದ ಮಾಮಾ ಒಬ್ಬರಿಗೇ ಫೋನ್ ಮಾಡಿ ತಿಳಿಸಿದ್ದೆ.

"ತವರಮನಿಗಿ ನಾ ಹೋಗಬೇಕೋ, ನೀ ಹೋಗಬೇಕೋ ಯಪ್ಪಾ?" ಎಂದು ಅವ್ವ ತಲೆ ಎತ್ತಿ ನನ್ನನ್ನು ನೋಡಿ ನಕ್ಕುಬಿಟ್ಟಳು. ತಲೆಯ ಮೇಲಿನ ಸೆರಗು ಜಾರಿತ್ತು. ಮಾಮಾ ಗುಂಡಿ ಒತ್ತಿದರು. ಆ ನಗುವಿಗೆ ಮಾತ್ರ ಅವರು ಬೈಯಲಿಲ್ಲ.

ಅವ್ವ ಹೋಗಿ ಎರಡು ವರ್ಷವಾಯಿತು. ಗೋಡೆಯ ಮೇಲಿನ ಫೋಟೋ ನೋಡಿದವರೆಲ್ಲ, "ಯಾರನ್ನ ನೋಡಿ ಇಷ್ಟ ನಗಾಕತ್ತಾಳ?" ಎಂದು ಕೇಳುತ್ತಾರೆ. ಮಾಮಾನಿಗೆ ಉಪಕಾರ ಹೇಳಲು ಹೋದರೆ, "ನಾ ಏನ ಮಾಡೀನಿ? ಬರೇ ಗುಂಡಿ ಒತ್ತೀನಿ" ಎಂದು ಬೈದರು. ಬೈಯಲಿ. ಅಂದು ಅವರು ನನ್ನನ್ನು ಹಿಂದೆ ನಿಲ್ಲಿಸದಿದ್ದರೆ, ಅವ್ವ ನನ್ನನ್ನು ಹೀಗೆ ನೋಡುತ್ತಿದ್ದಳೆಂಬುದು ನನಗೆ ಗೊತ್ತೇ ಆಗುತ್ತಿರಲಿಲ್ಲ.