ಅಡುಗೆಮನೆಗೆ ಎಂಥ ಕಿಟಕಿ?

ಮನೆ ಕಟ್ಟಿಸುವವನಿಗೆ ಬುದ್ಧಿ ಹೇಳಲು ಊರಿನಲ್ಲಿ ಯಾರೂ ಹಿಂಜರಿಯುವುದಿಲ್ಲ. ಪಾಯ, ಕಾಲಂ, ಕಬ್ಬಿಣ ಎಂದರೆ "ಎಂಜಿನಿಯರ್ ನೋಡ್ಕೋತಾರ ಬಿಡ್ರಿ" ಎಂದು ಸುಮ್ಮನಾಗುವವರು ಕೂಡ ಕಿಟಕಿ ಎಂದ ಕೂಡಲೇ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಕಲಬುರಗಿಯ ಕೋಟನೂರಿನಲ್ಲಿ ನಾವು ಮನೆ ಕಟ್ಟಿಸಿದ ವರ್ಷ ನಡೆದ ಕೆಲವು ಪ್ರಸಂಗಗಳು ಇವು. ನಗೆ ಬಂದದ್ದು ಹೆಚ್ಚಾಗಿ ಬೇರೆಯವರಿಗೆ.

೧. ಎಲ್ಲಕ್ಕೂ ಒಂದೇ

ನಾನು ಕಾಲೇಜಿನಲ್ಲಿ ಪರೀಕ್ಷಾ ವಿಭಾಗ ನೋಡಿಕೊಂಡವನು. ಬೆಲ್ ಆದ ಮೇಲೆ ಬಂದವನು ಪ್ರಾಂಶುಪಾಲರ ಮಗನಾದರೂ ಒಳಗೆ ಬಿಟ್ಟವನಲ್ಲ. ಮನೆಗೂ ಒಂದು ಶಿಸ್ತು ಇರಲಿ ಎಂದು ತೀರ್ಮಾನಿಸಿದ್ದೆ: ಎಲ್ಲ ಕೋಣೆಗೂ ಒಂದೇ ಬಣ್ಣದ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಪಕ್ಕಕ್ಕೆ ಸರಿಯುತ್ತದೆ, ಗಾಳಿಗೆ ಬಡಿದುಕೊಳ್ಳುವುದಿಲ್ಲ, ಹೊರಗಿನಿಂದ ನೋಡಿದರೆ ಒಂದು ಸಾಲು ಕಾಣುತ್ತದೆ.

ಹೆಂಡತಿ ನಕ್ಷೆ ನೋಡಿದಳು. "ಉಳಿದದ್ದು ನಿಮ್ಮ ಖುಷಿರೀ. ಅಡಗಿಮನಿದಷ್ಟ ನನಗ ಬಿಡ್ರಿ."

"ಅಡಗಿಮನೀನೂ ಇದೇ ಮನಿಯೊಳಗ ಅದಲ್ಲ?" ಎಂದೆ.

"ಅದು ನನಗ ಗೊತ್ತಾಗೋಹಂಗ ಒಂದು ಕಿಡಕಿ ಇಡ್ರಿ ಅಂತನೇ ಕೇಳಾಕತ್ತೀನಿ."

ಅವಳ ಮಾತಿಗೆ ಕಾರಣವಿತ್ತು. ಸ್ಟೇಶನ್ ಬಜಾರದ ಬಾಡಿಗೆ ಮನೆಯಲ್ಲಿ, ಮದುವೆಯಾಗಿ ಬಂದಂದಿನಿಂದ ಅವಳು ರೊಟ್ಟಿ ಬಡಿದದ್ದು ಸೂರಿನ ಹತ್ತಿರದ ಒಂದು ವೆಂಟಿಲೇಟರಿನ ಕೆಳಗೆ. ಅಲ್ಲಿ ಕೂತ ಪಾರಿವಾಳಕ್ಕೆ ಅವಳು ಕಾಣುತ್ತಿದ್ದಳು. ಅವಳಿಗೆ ಯಾರೂ ಕಾಣುತ್ತಿರಲಿಲ್ಲ. ಹೊಸ ಮನೆಯಲ್ಲಿ ಅವಳು ಕೇಳಿದ್ದು ಒಂದೇ: ಒಲೆಯ ಮುಂದೆ ಪೂರ್ತಿ ತೆರೆಯುವ ಎರಡು ಕದದ ಕಿಟಕಿ, ನಿಂತು ಕೆಲಸ ಮಾಡುವಾಗ ಮಾತಾಡಲು ಒಂದು ಮುಖ. ಪಕ್ಕದ ಮನೆಯಾಕೆಯ ಅಡುಗೆಮನೆಯೂ ಅದೇ ಕಡೆಗಿತ್ತು. ಕಟ್ಟಡಕ್ಕೆ ನೀರು ಹೊಡೆಯುವ ದಿನಗಳಲ್ಲೇ ಇಬ್ಬರೂ ಒಬ್ಬರನ್ನೊಬ್ಬರು 'ಭಾಬಿ' ಎನ್ನತೊಡಗಿದ್ದರು.

"ಎರಡು ಅಡಗಿಮನಿ ಎದುರುಬದುರು ಇರಬಾರದು. ಮನಿ ಅಂದ್ಮ್ಯಾಲ ಖಾಸಗಿ ಅನ್ನೋದು ಇರಬೇಕು" ಎಂದೆ.

"ಬ್ಯಾಳಿ ಕುದಿಯೋದ್ರಾಗ ಏನ್ ಖಾಸಗಿರೀ?" ಎಂದಳು.

೨. ಅಂಗಡಿಯವರ ಮೊದಲ ಪ್ರಶ್ನೆ

ಕಿಟಕಿ ಮಾಡಿಕೊಡುವ ಅಂಗಡಿಯ ಮಾಲೀಕರು ವಯಸ್ಸಾದವರು. ನಕ್ಷೆ ಬಿಚ್ಚಿ ಅವರ ಮೇಜಿನ ಮೇಲೆ ಹರಡಿದೆ. ಅವರು ಅದನ್ನು ನೋಡಲೇ ಇಲ್ಲ.

"ಕೂಲರ್ ಯಾವ ಕಿಡಕಿಗಿ ಸಾಬ್?"

"ನಾ ಬಂದದ್ದು ಕಿಡಕಿ ಸಲುವಾಗಿ."

"ಅದಕ್ಕೇ ಕೇಳಿದೆ. ಕಲಬುರಗಿ ಮಂದಿ ಮೊದಲು ಕೂಲರ್ ಹೇಳ್ತಾರ, ಆಮ್ಯಾಲ ಕಿಡಕಿ."

"ಎದುರುಬದುರು ಕಿಡಕಿ ಇಟ್ಟೀನಿ. ಗಾಳಿ ತಾನೇ ಆಡತದ."

"ಬರಾಬರ್ ಆಡತದ ಸಾಬ್. ಮೇ ತಿಂಗಳಾಗ ಒಂದು ಕಡಿಂದ ಬೆಂಕಿ ಬರತದ, ಇನ್ನೊಂದು ಕಡಿಂದ ಹೋಗತದ. ನಡುವ ನೀವು ಕುಂತಿರ್ತೀರಿ."

ಸ್ಲೈಡಿಂಗ್ ಹೇಗೆ ಎಂದು ಕೇಳಿದೆ. "ನಂಬರ್ ಒನ್" ಎಂದರು. ಮನೆಯವಳು ಕದದ ಕಿಟಕಿ ಕೇಳುತ್ತಾಳೆ ಎಂದೆ. "ಅದೂ ನಂಬರ್ ಒನ್" ಎಂದರು. ಒಂದು ಪ್ರಶ್ನೆಗೆ ಎರಡು ಸರಿ ಉತ್ತರವನ್ನು ನಾನು ಎಂದೂ ಒಪ್ಪಿದವನಲ್ಲ. "ನಿಮ್ಮ ಮನಿಗಿ ಯಾವುದು ಹಾಕೀರಿ, ಅದನ್ನ ಹೇಳ್ರಿ" ಎಂದೆ.

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಮನ್ಯಾಗ ನನ್ನ ಯಾರು ಕೇಳ್ತಾರ ಸಾಬ್? ನಾ ಅಂಗಡಿಗಷ್ಟ ಮಾಲಕ."

೩. ಕಮಲಾಪುರದ ಸಾಕ್ಷಿ

ಹೆಂಡತಿಯ ಅಕ್ಕನ ಮನೆ ಕಮಲಾಪುರದಲ್ಲಿ. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಹೊಸ ಮನೆಗೆ ಎಲ್ಲ ಕಡೆಯೂ ಸ್ಲೈಡಿಂಗ್ ಹಾಕಿಸಿದ್ದರು. ನನ್ನ ವಾದಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತೆಂದು ಹೆಂಡತಿಯನ್ನು ಕರೆದುಕೊಂಡು ಒಂದು ರವಿವಾರ ಅಲ್ಲಿಗೆ ಹೋದೆ.

ನಡುಮಧ್ಯಾಹ್ನ ಹಾಲಿನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. "ಕಿಡಕಿ ಎಲ್ಲಿ?" ಎಂದು ಕೇಳಿದೆ.

"ಇಷ್ಟು ದೊಡ್ಡದು ಅದ, ಕಾಣಸವಲ್ದೇನ್ರಿ?" ಎಂದು ಷಡ್ಡಕರು ಗೋಡೆಯತ್ತ ಕೈ ತೋರಿಸಿದರು. ತೆರೆದ ಅರ್ಧದಲ್ಲಿ ಕೂಲರ್ ಕೂತಿತ್ತು. ಅದರ ಸುತ್ತಲಿನ ಸಂದಿಗೆ ಹಳೆಯ ಕೌದಿ ತುರುಕಿದ್ದರು. ಮುಚ್ಚಿದ ಅರ್ಧಕ್ಕೆ ಬಿಸಿಲು ಬರಬಾರದೆಂದು ಪೇಪರ್ ಅಂಟಿಸಿದ್ದರು.

"ಅಡಗಿಮನಿದು ನೋಡೋಣ" ಎಂದಳು ನನ್ನ ಹೆಂಡತಿ, ಬಹಳ ಮೆತ್ತಗೆ.

ಅಲ್ಲಿ ಷಡ್ಡಕರು ಗಾಜನ್ನು ಎಳೆದರು. ಬರಲಿಲ್ಲ. "ಪಟ್ಟಿಯೊಳಗ ಒಂಚೂರು ಮಣ್ಣು ಕುಂತದ" ಎಂದು ಗೋಡೆಗೆ ಒಂದು ಕಾಲು ಕೊಟ್ಟು ಜಗ್ಗಿದರು. ಗಾಜು ಚೌಕಟ್ಟಿನ ಸಮೇತ ಕಳಚಿ ಅವರ ಎದೆಗೆ ಬಂದು ಒರಗಿತು. ಅದನ್ನು ಹಾಗೇ ತಬ್ಬಿಕೊಂಡು ನಿಂತು, ಮುಖದ ಗಂಭೀರತೆ ಕೆಡದಂತೆ ನನಗೆ ಹೇಳಿದರು: "ನೋಡ್ರಿ, ಹಿಂಗ ತಗದು ತೊಳೀಬಹುದು. ಈ ಸವಲತ್ತು ಕದದ ಕಿಡಕಿಗಿ ಇಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ, ಅಕ್ಕ ಕೊಟ್ಟ ಕೆಂಪು ಬಾಳೆಹಣ್ಣು ಸುಲಿದು ನನ್ನ ಕೈಗಿಟ್ಟಳು, ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೊಡುವ ಹಾಗೆ.

೪. ಚಮಚದ ವ್ಯವಹಾರ

ಅಡುಗೆಮನೆಗೆ ಎರಡು ಕದದ ಕಿಟಕಿಯನ್ನೇ ಹಾಕಿಸಿದೆ. ಆದರೆ ಸರಳುಗಳನ್ನು ಕಳ್ಳನ ಕೈ ತೂರದಷ್ಟು ಒತ್ತಾಗಿ ಕೂಡಿಸಲು ಹೇಳಿದೆ. ನಡುವೆ ಒಂದು ತಾಟು ಹಿಡಿಯುವಷ್ಟು ಜಾಗ ಬಿಡಿಸಿರೆಂದು ಹೆಂಡತಿ ಕೇಳಿದಳು. ಮನೆಗೆ ಬರುವ ವಸ್ತು ಮುಂಬಾಗಿಲಿನಿಂದ ಬರಬೇಕು ಎಂದೆ. ಅವಳು ಸುಮ್ಮನಾದಳು. ಸುಮ್ಮನಾಗುವುದು ಒಪ್ಪಿಗೆಯಲ್ಲ ಎಂಬುದು ಗಂಡಸರಿಗೆ ತಡವಾಗಿ ತಿಳಿಯುವ ಪಾಠಗಳಲ್ಲಿ ಒಂದು.

ಮನೆಗೆ ಬಂದ ವಾರದಲ್ಲೇ ಪಕ್ಕದ ಮನೆಯಾಕೆ ಬಘಾರಾ ಬೈಂಗನ್ ಮಾಡಿ ಬಟ್ಟಲು ಹಿಡಿದು ಕಿಟಕಿಗೆ ಬಂದರು. ಬಟ್ಟಲು ಒಳಗೆ ಬರುವಂತಿರಲಿಲ್ಲ. ಆಕೆ ಹೊರಗಿನಿಂದ ಒಂದೊಂದೇ ಬದನೆಕಾಯಿಯನ್ನು ಚಮಚದಲ್ಲಿ ಸರಳಿನೊಳಗೆ ತೂರಿಸಿದರು. ಇವಳು ಒಳಗೆ ಪಾತ್ರೆ ಹಿಡಿದಳು. ಬಂದ ಬಟ್ಟಲನ್ನು ಖಾಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಇವಳು ಅದೇ ದಾರಿಯಲ್ಲಿ ಚಮಚ ಚಮಚವಾಗಿ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತುಂಬಿದಳು. ನನ್ನ ಹೊಸ ಗ್ರಾನೈಟಿನ ಮೇಲೆ ಎಣ್ಣೆ ಇಳಿಯುತ್ತಿತ್ತು.

"ಏನಿದು?" ಎಂದೆ.

"ಕಳ್ಳರು ಬರಂಗಿಲ್ಲಲ್ರಿ, ಅದರ ಖುಷಿಗಿ" ಎಂದಳು.

೫. ಮುಂಬಾಗಿಲಿನ ಮರ್ಯಾದೆ

ಮರುದಿನ ಹನ್ನೆರಡರ ಸುಮಾರಿಗೆ ಆಕೆ ಮತ್ತೆ ಬಟ್ಟಲು ಹಿಡಿದು ಬಂದರು. ಈ ಸಲ ನಾನೇ ಕಿಟಕಿಗೆ ಹೋದೆ. "ಹಿಂಗ ಬ್ಯಾಡ್ರಿ ಬಾಯಾರ. ಮರ್ಯಾದಿಯಿಂದ ಮುಂದಿನ ಬಾಗಲದಾಗ ಬರ್ರಿ."

"ಬಾಗಲದಾಗ ಬಂದ್ರ ನಾ ಮೆಹಮಾನ್ ಆಗ್ತೀನಿ ಭಾಯಿಸಾಬ್. ಕುಂದರಬೇಕಾಗತದ, ಚಾ ಕುಡೀಬೇಕಾಗತದ. ಕಿಡಕಿಗಿ ಬಂದ್ರ ನಾ ಬರೀ ಪಕ್ಕದ ಮನಿಯಾಕಿ. ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ."

ನಾನು ಬಿಡಲಿಲ್ಲ. ಆಕೆ ಸುತ್ತು ಹಾಕಿ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯ ಅಂಚಿನಲ್ಲಿ ಕೂತರು. ಮನೆಗೆ ಬಂದವರು ಚಹಾ ಕುಡಿಯದೆ ಏಳಬಾರದು, ಹೆಂಡತಿ ಚಹಾಕ್ಕಿಟ್ಟಳು. ಅಷ್ಟರಲ್ಲಿ ಪಕ್ಕದ ಮನೆಯಾಕೆಯನ್ನು ಆಕೆಯ ಗಂಡ ಹುಡುಕಿಕೊಂಡು ಬಾಗಿಲಿಗೆ ಬಂದರು. ಹೊಸ್ತಿಲಲ್ಲಿ ನಿಲ್ಲಿಸುವುದು ಸರಿಯೇ? ಅವರನ್ನೂ ಕೂಡಿಸಿದೆ. ಮಗ, ಸೊಸೆ ಇಬ್ಬರೂ ಕಾಣದೆ ಆಕೆಯ ಅತ್ತೆ ಬಂದರು. ಹಿರಿಯರು, ನಾನು ಎದ್ದು ನನ್ನ ಕುರ್ಚಿ ಕೊಟ್ಟೆ. ಅವರಿಗೆಂದು ಇನ್ನೊಮ್ಮೆ ಚಹಾಕ್ಕಿಡಬೇಕಾಯಿತು.

ಸೊಸೆ ಒಂದೇ ಸಮನೆ ನಮ್ಮ ಅಡುಗೆಮನೆಯ ಕಡೆ ನೋಡುತ್ತಿದ್ದರು. ಕೊನೆಗೆ ಎಲ್ಲರೂ ನೋಡಿದೆವು. ಆ ಕಿಟಕಿಯಿಂದ ಹೊಗೆ ನೆಟ್ಟಗೆ ಒಳಗೆ ಬರುತ್ತಿತ್ತು. ಎರಡು ಕದದ ಕಿಟಕಿಗೆ ಗಾಳಿ ಎಷ್ಟು ಸಲೀಸು ಎಂಬುದನ್ನು ನಾನು ಅಂದು ಒಪ್ಪಿಕೊಂಡೆ.

ಅವರ ಬೇಳೆ ಸೀದು, ಪಾತ್ರೆಯ ತಳ ತೂತು ಬೀಳುವುದೊಂದು ಬಾಕಿಯಿತ್ತು. ಅವರ ಮನೆಯವರೆಲ್ಲ ನಮ್ಮಲ್ಲೇ ಊಟಕ್ಕೆ ಕೂತರು. ಹೆಂಡತಿ ಬೆವರು ಒರೆಸಿಕೊಳ್ಳುತ್ತ ರೊಟ್ಟಿ ಬಡಿದಳು. ನನ್ನ ಹತ್ತಿರ ಬಂದಾಗ ಮೆಲ್ಲಗೆ, "ನಿಮ್ಮ ಮುಂಬಾಗಲ ಭಾಳ ಛಲೋ ಕೆಲಸ ಮಾಡತದರೀ" ಎಂದಳು.

ಮಾರನೆಯ ಬೆಳಿಗ್ಗೆ ವೆಲ್ಡಿಂಗಿನವನನ್ನು ನಾನೇ ಕರೆಸಿದೆ. "ಜಾಗ ಎಷ್ಟು ಬಿಡಬೇಕ್ರಿ?" ಎಂದು ಅವನು ಕೇಳಿದ. ನಾನು ಟೇಪು ಬಿಚ್ಚುತ್ತಿದ್ದೆ. ಅಷ್ಟರಲ್ಲಿ ಎದುರಿನ ಕಿಟಕಿಯಿಂದ ಆ ಅತ್ತೆಯ ದನಿ ಬಂತು:

"ಬ್ಯಾಳಿ ಪಾತ್ರಿನೇ ಹಿಡಿಯೋಹಂಗ ಮಾಡಪ್ಪಾ. ಇನ್ನೊಮ್ಮಿ ಈ ಸಾಹೇಬರ ಕಡಿಂದ ಮರ್ಯಾದಿ ಮಾಡಿಸಿಕೊಳ್ಳೋ ತಾಕತ್ತು ನಮ್ಮ ಮನಿಗಿಲ್ಲ!"