ಮೂರು ವಿಸಿಡಿ ಕೊಡಬಾರದು

ಎಡಿಟ್ ಆದ ವಿಡಿಯೋನ ಒಂದೇ ಫೈಲ್ ಮಾಡೋ ಎಕ್ಸ್‌ಪೋರ್ಟ್ ಬಟನ್ ಎಲ್ಲಿದೆ ಅಂತ ಯಾರು ಬೇಕಾದ್ರೂ ಕಲಿಸ್ತಾರೆ. ಅದನ್ನ ಒತ್ತೋ ಮುಂಚೆ ಗಿರಾಕಿಗಳು ತೆಗೆಯೋ ತಕರಾರುಗಳನ್ನ ಮಾತ್ರ ಅಂಗಡಿ ಇಟ್ಟೇ ಕಲೀಬೇಕು. ವಿಸಿಡಿ ಕಾಲದಲ್ಲಿ ನಾನು ಬನಶಂಕರಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡ್ತಿದ್ದೆ. ಕೆಲಸದಲ್ಲಿ ನನ್ನನ್ನ ಮೀರಿಸೋರು ಕುಮಾರಸ್ವಾಮಿ ಲೇಔಟ್ ತನಕ ಇರಲಿಲ್ಲ. ಮೀರಿಸ್ತಿದ್ದಿದ್ದು ಗಿರಾಕಿಗಳೇ.

೧. ರಾಹುಕಾಲ

ಎಲ್ಲ ಸೆಟ್ ಮಾಡಿ ಎಕ್ಸ್‌ಪೋರ್ಟ್ ಒತ್ತಬೇಕು, ಪಕ್ಕದಲ್ಲಿ ಕೂತಿದ್ದ ಗಂಡಿನ ತಾಯಿ ಕೈ ಹಿಡ್ಕೊಂಡ್ರು.

"ರಾಹುಕಾಲ ಕಳೀಲಿ ಮೇಡಂ."

ಒಂದೂವರೆ ಗಂಟೆ ಕಾದು ಒತ್ತಿದೆ. ತೊಂಬತ್ತು ಪರ್ಸೆಂಟ್ ಆಗಿತ್ತು, ಕರೆಂಟ್ ಹೋಯ್ತು. ಎಲ್ಲ ಮೊದಲಿಂದ.

"ಒಳ್ಳೆ ಹೊತ್ತಲ್ಲೇ ಒತ್ತಿದ್ದಲ್ವಾ ಆಂಟಿ?" ಅಂದೆ.

"ನಿಮ್ಮ ತಪ್ಪಲ್ಲ ಬಿಡಿ, ಕರೆಂಟಿಗೆ ಪಂಚಾಂಗ ಗೊತ್ತಿಲ್ಲ" ಅಂದ್ರು.

೨. ಅಗಲದ ಟಿವಿ

ಹೊಸದಾಗಿ ಅಗಲದ ಟಿವಿ ತಂದಿದ್ದ ಗಂಡಿನ ಕಡೆಯವರು, ಚಿತ್ರ ಪರದೆ ತುಂಬಾ ಬರಬೇಕು, ಪಕ್ಕದಲ್ಲಿ ಕಪ್ಪು ಪಟ್ಟಿ ಕೂಡದು ಅಂತ ಹಟ ಹಿಡಿದ್ರು. ಹಾಗೆ ಎಳೆದ್ರೆ ಜನ ಅಡ್ಡಡ್ಡ ಹಿಗ್ತಾರೆ ಅಂದೆ, ಕೇಳಲಿಲ್ಲ. ಎಳೆದುಕೊಟ್ಟೆ.

ಮಾರನೇ ದಿನ ಹುಡುಗಿ ತಾಯಿ ಬಂದು, "ನನ್ನ ಮಗಳು ಇಷ್ಟು ದಪ್ಪ ಇದ್ದಾಳಾ?" ಅಂತ ಜಗಳ ತೆಗೆದ್ರು. ಅವರ ಹಿಂದೇನೇ ಹುಡುಗನ ತಾಯಿ ಬಂದ್ರು.

"ನಮ್ಮ ಕಾಪಿ ಮುಟ್ಟಬೇಡಿ ಮೇಡಂ. ನಮ್ಮ ಹುಡುಗ ಮೈಕೈ ತುಂಬ್ಕೊಂಡಿರೋದು ಇದೊಂದರಲ್ಲೇ."

೩. ನಾಲ್ಕನೇದು

ಹೊಸಕೆರೆಹಳ್ಳಿಯ ಒಬ್ಬರು ಮಗಳ ಮದುವೆ ವಿಡಿಯೋ ತಗೊಳ್ಳೋಕೆ ಬಂದ್ರು. ಮುಖ ಬಾಡಿತ್ತು. ಅಳಿಯನ ದೊಡ್ಡಪ್ಪ, "ಆ ಮದುವೇಲಿ ನನ್ನನ್ನ ಊಟಕ್ಕೇ ಕರೀಲಿಲ್ಲ, ಹಸ್ಕೊಂಡು ಬಂದೆ" ಅಂತ ಊರೆಲ್ಲಾ ಹೇಳ್ಕೊಂಡು ಬರ್ತಿದ್ರಂತೆ. ಆ ಮನೇಲಿ ಮಗಳು ತಲೆ ಎತ್ತೋ ಹಾಗಿಲ್ಲ ಅಂದ್ರು. ನನಗೂ ಪಾಪ ಅನ್ನಿಸ್ತು.

ಒಂದು ವಿಸಿಡಿಗೆ ಹಿಡಿಯೋದೇ ಒಂದು ಗಂಟೆ ಚಿಲ್ಲರೆ. ಮದುವೆ ಮೂರು ವಿಸಿಡಿ ಆಗಿತ್ತು.

"ಬೀಗರಿಗೆ ಮೂರು ಕೊಡೋದಾ? ಮೊದಲೇ ಕೋಪದಲ್ಲಿದ್ದಾರೆ. ಎರಡು ಮಾಡಿ, ಇಲ್ಲ ನಾಲ್ಕು ಮಾಡಿ ಮೇಡಂ."

ಎರಡಕ್ಕೆ ತುರುಕಿದ್ರೆ ಚಿತ್ರ ಕೆಡತ್ತೆ, ನನ್ನ ಕೈಲಿ ಅಂಥ ಕೆಲಸ ಆಗಲ್ಲ. ಬಾಯಿ ತುಂಬ್ಕೊಂಡಿರೋರನ್ನ ಯಾರು ನೋಡ್ತಾರೆ ಅಂತ ಊಟದ ಮನೆ ದೃಶ್ಯಗಳನ್ನೆಲ್ಲ ಪಕ್ಕಕ್ಕೆ ಹಾಕಿದ್ದೆ. ಅವನ್ನೇ ಸೇರಿಸಿ ನಾಲ್ಕನೇದು ಮಾಡಿಕೊಟ್ಟೆ.

ವಾರದ ಮೇಲೆ ಅವರು ನಗ್ತಾ ಬಂದ್ರು. ಬೀಗರ ಮನೇಲಿ ಎಲ್ಲರೂ ಕೂತು ನಾಲ್ಕನೇದನ್ನ ಹಾಕಿದ್ದಾರೆ. ಮೊದಲನೇ ಪಂಕ್ತಿಯಲ್ಲಿ ದೊಡ್ಡಪ್ಪ ಒಬ್ಬಟ್ಟು ಮುರೀತಿದ್ದಾರೆ. ಶಾಲು ಬದಲಾಯಿಸ್ಕೊಂಡು ಎರಡನೇ ಪಂಕ್ತಿಯಲ್ಲೂ ಕೂತಿದ್ದಾರೆ. ಮನೆಯವರೆಲ್ಲ ತಿರುಗಿ ಅವರನ್ನೇ ನೋಡಿದ್ರಂತೆ. ಮಗಳು ಫೋನ್ ಮಾಡಿ ಮಾತಾಡೋಕಾಗದಷ್ಟು ನಕ್ಕಳಂತೆ.

"ದೊಡ್ಡಪ್ಪ ಏನಂದ್ರು?" ಅಂತ ಕೇಳಿದೆ.

"ಎದ್ದು ಹೋಗಿ ಟಿವಿ ಮೇಲೆ ಬೆರಳಿಟ್ಟು ತೋರಿಸಿದ್ರಂತೆ ಮೇಡಂ. 'ನೋಡಿ, ತುಪ್ಪದೋನು ನನ್ನ ಎಲೆ ದಾಟಿ ಮುಂದಕ್ಕೆ ಹೋಗ್ತಿದ್ದಾನೆ. ಇದನ್ನ ಊಟ ಅಂತಾರಾ?'"