ಭಾವನ ದ್ರಾಕ್ಷಿಯೂ ನನ್ನ ನೌಕರಿಯೂ

ನನಗೆ ಮೂವತ್ತು ತುಂಬುವ ಮೊದಲೇ ಕೂದಲು ನೆರೆತದ್ದು ವಂಶದ ಗುಣವೆಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು! ಅದಕ್ಕೆ ಕಾರಣ ನಮ್ಮ ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಂದಿಯಲ್ಲಿ, ಬೆಟ್ಟದ ಬುಡಕ್ಕೆ ಅವರ ತೋಟ. ಬೀಡಿ ಸೇದಿದವರಲ್ಲ, ಇಸ್ಪೀಟು ಮುಟ್ಟಿದವರಲ್ಲ, ಒಂದು ಹನಿ ಹೆಂಡ ನಾಲಿಗೆಗೆ ತಾಗಿಸಿದವರಲ್ಲ. ಸುಳ್ಳು ಹೇಳುವುದಂತೂ ಅವರಿಗೆ ಬರುತ್ತಲೇ ಇರಲಿಲ್ಲ. ಇಂಥ ಸಂಭಾವಿತರಿಂದ ಯಾರಿಗೆ ಏನು ಅಪಾಯ ಎನ್ನುತ್ತೀರಾ? ಸ್ವಲ್ಪ ತಡೆಯಿರಿ.

ಎರಡನೆಯ ಮಹಾಯುದ್ಧದಲ್ಲಿ ಭಾವ ಮಿಲಿಟರಿ ಲಾರಿ ಓಡಿಸುತ್ತ ಪರ್ಷಿಯಾ ದೇಶಕ್ಕೆ ಹೋಗಿದ್ದರು. ಅಲ್ಲಿ ಅವರಿಗೆ ವಿಷಮಜ್ವರ ಬಂದು, ಅರ್ಮೇನಿಯಾದ ಒಬ್ಬ ಮೆಕ್ಯಾನಿಕ್ ಇಪ್ಪತ್ತು ದಿನ ಗಂಜಿ ಕುಡಿಸಿ ಉಳಿಸಿದನಂತೆ. ಹೊರಡುವಾಗ ಅವನು ತನ್ನ ಅಜ್ಜಿಯ ಊರಿನ ದ್ರಾಕ್ಷಿ ಕಡ್ಡಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಬೇರೆ ಸಿಪಾಯಿಗಳು ಗಡಿಯಾರ, ಕಂಬಳಿ, ಉಣ್ಣೆ ಕೋಟು ತಂದರೆ ನಮ್ಮ ಭಾವ ತಂದದ್ದು ಆ ಕಡ್ಡಿ. ಹಡಗಿನಲ್ಲಿ ತಮ್ಮ ಪಾಲಿನ ನೀರನ್ನು ಅದಕ್ಕೆ ಚಿಮುಕಿಸಿ, ತಾವು ಪಕ್ಕದವರ ಹತ್ತಿರ ಬೇಡಿ ಕುಡಿದರಂತೆ!

ಆ ಜಾತಿಯ ಹೆಸರು ಅರೇನಿ. ನಂದಿಯವರ ಬಾಯಲ್ಲಿ ಅದು ವಾರದೊಳಗೆ ‘ರಾಣಿ’ ಆಯಿತು. ಕಪ್ಪು ಹಣ್ಣು, ದಪ್ಪ ಸಿಪ್ಪೆ, ಕೆಂಪು ವೈನಿಗೆಂದೇ ಹುಟ್ಟಿದ ಬಳ್ಳಿ. ಜಲಪ್ರಳಯ ಇಳಿದ ಮೇಲೆ ಭೂಮಿಯಲ್ಲಿ ಮೊದಲು ನೆಟ್ಟದ್ದು ಇದನ್ನೇ ಎಂದು ಮೆಕ್ಯಾನಿಕ್ ಹೇಳಿದ್ದನಂತೆ. ಭಾವ ಅದನ್ನು ತಮಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದರು.

“ನಮ್ಮ ಮತ್ಸ್ಯಾವತಾರದ ಕಾಲದ್ದು ಕಣಯ್ಯ ಇದು. ಅವಾಗ ಬೆಂಗಳೂರೇ ಇರ್ಲಿಲ್ಲ!”

ಬೆಂಗಳೂರು ಇಲ್ಲದ ಕಾಲದ ಬಳ್ಳಿ ಚಪ್ಪರದ ತುಂಬ ಹಬ್ಬಿತು. ಎಲೆ ಬಿಟ್ಟಿತು. ಎಲೆ ಮಾತ್ರ ಬಿಟ್ಟಿತು. ಪಕ್ಕದ ತೋಟದ ನೀಲಿ ದ್ರಾಕ್ಷಿ ಗೊಂಚಲು ಗೊಂಚಲಾಗಿ ಸಂತೆಗೆ ಹೋಗುತ್ತಿದ್ದರೆ ಭಾವನ ರಾಣಿ ವರ್ಷವರ್ಷವೂ ಬರೀ ಸೊಪ್ಪಾಗಿ ನಿಂತಿರುತ್ತಿದ್ದಳು. “ಕತ್ರಿ ಹಾಕಿ ಸ್ವಾಮಿ, ಚಿಗುರಿ ಕಾಯಿ ಬಿಡ್ತದೆ” ಎಂದು ತೋಟಗಾರರು ಹೇಳಿದರೆ, “ನಿನ್ನ ಮಗೂಗೆ ಹಾಕ್ತೀಯೇನಯ್ಯ ಕತ್ರೀನಾ?” ಎಂದು ಭಾವ ಹರಿಹಾಯುತ್ತಿದ್ದರು. ಅವರ ಪ್ರಕಾರ ಬಳ್ಳಿಗೆ ತವರಿನ ನೆನಪು. ಅಲ್ಲಿ ಹಿಮ ಬೀಳುತ್ತದೆ, ಇಲ್ಲಿ ಬೀಳುವುದಿಲ್ಲ, ಅಷ್ಟೇ. ಸರಿ, ಬೆಂಗಳೂರಿನಿಂದ ಸಣ್ಣ ರೈಲಿನಲ್ಲಿ ಮೂಟೆ ಮಂಜುಗಡ್ಡೆ ತರಿಸಿದರು! ಹೊಟ್ಟು, ಗೋಣಿ ಎಲ್ಲ ಸುತ್ತಿದ್ದರೂ ನಮ್ಮ ರೈಲಿನ ವೇಗ ಗೊತ್ತಲ್ಲ? ನಂದಿ ತಲುಪುವ ಹೊತ್ತಿಗೆ ಉಳಿದದ್ದು ನಿಂಬೆಹಣ್ಣಿನಷ್ಟು. ಅದನ್ನೇ ಬುಡಕ್ಕಿಟ್ಟು ಕೈಮುಗಿದರು.

ಅಕ್ಕ ಒದ್ದೆ ಗೋಣಿ ಹಿಂಡುತ್ತ ಕೇಳಿದಳು, “ಬೆಂಗಳೂರಿಂದ ನೀರು ತರಿಸಿದ್ರಾ? ನಮ್ಮ ಬಾವೀಲಿ ಇರ್ಲಿಲ್ವಾ?”

ಇಲ್ಲಿಯವರೆಗೆ ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಆಮೇಲೆ ನನಗೆ ನೌಕರಿ ಸಿಕ್ಕಿತು, ನಗು ನಿಂತಿತು. ಆಗ ನಮ್ಮ ಕಡೆ ಪಾನನಿರೋಧ ಜಾರಿಯಲ್ಲಿದ್ದ ಕಾಲ. ನನಗೆ ಸಿಕ್ಕಿದ್ದು, ಚಿಂತಾಮಣಿಯಲ್ಲಿ, ಕಳ್ಳಭಟ್ಟಿ ಹಿಡಿಯುವವರ ಕಚೇರಿಯಲ್ಲೇ ಗುಮಾಸ್ತಿಕೆ! ಅದೂ ಇನ್ನೂ ಖಾಯಂ ಆಗಿರಲಿಲ್ಲ. ತಂದೆಯಿಲ್ಲದ ಮನೆ, ತಾಯಿಯೂ ಇಬ್ಬರು ತಂಗಿಯರೂ ನನ್ನ ಮುಖ ನೋಡಿಕೊಂಡಿದ್ದರು. ಅಂಥ ಕಚೇರಿಯ ವಿಳಾಸಕ್ಕೆ ಭಾವ ಕಾರ್ಡು ಬರೆಯುತ್ತಿದ್ದರು. “ಎಲ್ಲರೂ ಕ್ಷೇಮ. ನಮ್ಮ ವೈನ್ ದ್ರಾಕ್ಷಿ ಈ ವರ್ಷವೂ ಕೈಕೊಟ್ಟಿತು.” ಅಂಚೆಯವನು ಓದಿ, ಜವಾನ ಓದಿ, ಕೊನೆಗೆ ನನ್ನ ಕೈಗೆ ಬರುವಾಗ ನನ್ನ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಕಾರ್ಡು ಬೇಡ, ಲಕೋಟೆಯಲ್ಲಿ ಬರೆಯಿರಿ ಎಂದು ಬೇಡಿಕೊಂಡೆ. “ಮುಚ್ಚಿಡೋಕೆ ನಾನೇನು ಕಳ್ಳನೇನಪ್ಪಾ?” ಎಂದರು.

ಗೌರಿಬಿದನೂರಿನಲ್ಲಿ ಒಂದು ಮದುವೆ. ನಮ್ಮ ಇನ್ಸ್‌ಪೆಕ್ಟರೂ ಬಂದಿದ್ದರು. ದೊಡ್ಡ ಮೀಸೆಯ ತೆಲುಗಿನವರು; ಗುಡಾಣದ ಮುಚ್ಚಳ ತೆಗೆಯದೆಯೇ ಒಳಗೇನಿದೆಯೆಂದು ಮೂಗಿನಿಂದಲೇ ಹೇಳಬಲ್ಲವರು. ಊಟದ ಪಂಕ್ತಿಯಲ್ಲಿ ಅವರ ಪಕ್ಕದ ಎಲೆಗೆ ಕೂತವರು ಯಾರು? ಬೇರೆ ಯಾರು!

“ತೋಟದಲ್ಲಿ ಏಮೇಮಿ ಇದೆಯಂಡಿ?” ಎಂದು ಇನ್ಸ್‌ಪೆಕ್ಟರು ಸುಮ್ಮನೆ ಕೇಳಿದರು.

“ವೈನ್ ಮಾಡೋ ದ್ರಾಕ್ಷಿ ಐತೆ ಸ್ವಾಮಿ.”

ಬಾಯಿಗೆ ಹೊರಟಿದ್ದ ನನ್ನ ಹೋಳಿಗೆ ಅರ್ಧದಲ್ಲೇ ನಿಂತಿತು. ಇನ್ಸ್‌ಪೆಕ್ಟರ ಮೀಸೆಯೂ ನಿಂತಿತು.

“ಕಾಯಿ ಎಷ್ಟು ಬಂತು?”

“ಇನ್ನೂ ಒಂದೂ ಇಲ್ಲ.”

ಇನ್ಸ್‌ಪೆಕ್ಟರು ಪಂಕ್ತಿಯೇ ಅದುರುವಂತೆ ನಕ್ಕು, “ಬಿಟ್ಟಾಗ ಹೇಳಿಕಳಿಸಿ, ಬಂದು ನೋಡೋಣ” ಎಂದರು. ಅದು ತಮಾಷೆಯೆಂದು ಎಲ್ಲರಿಗೂ ತಿಳಿಯಿತು, ಒಬ್ಬರಿಗೆ ಬಿಟ್ಟು.

ಮರುವರ್ಷ ಪಕ್ಕದ ಮನೆಯ ಆಡು ಬೇಲಿ ಹಾರಿ ಬಳ್ಳಿಯನ್ನು ಕಾಂಡದವರೆಗೆ ಮೇಯ್ದುಬಿಟ್ಟಿತು. ಭಾವ ಎರಡು ದಿನ ಊಟ ಬಿಟ್ಟರು. ಊರವರು ಸಾವಿನ ಮನೆಗೆ ಬಂದಂತೆ ಬಂದು ಮಾತಾಡಿಸಿ ಹೋದರು. ನಿಜ ಹೇಳುತ್ತೇನೆ, ಚಿಂತಾಮಣಿಯಲ್ಲಿ ಸುದ್ದಿ ಕೇಳಿದ ನಾನು ಮಾತ್ರ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ.

ದೋಸೆ ತಿಂದದ್ದು ಬೇಗವಾಯಿತು. ಹನ್ನೊಂದು ವರ್ಷ ಯಾವ ಕತ್ತರಿಯನ್ನೂ ಕಾಣದ ಬಳ್ಳಿ, ಆಡಿನ ಹಲ್ಲು ತಾಗಿದ್ದೇ ತಡ, ಚಿಗುರಿ ಏಳು ಗೊಂಚಲು ಬಿಟ್ಟಿತು! ಕಾರ್ಡು ಬಂತು. “ರಾಣಿ ಹಣ್ಣಾಗಿದ್ದಾಳೆ. ನಿಮ್ಮ ಇನ್ಸ್‌ಪೆಕ್ಟರಿಗೂ ಬರೆದಿದ್ದೇನೆ. ಕೊಟ್ಟ ಮಾತು ತಪ್ಪಬಾರದು. ಭಾನುವಾರ ಊಟಕ್ಕೆ ಬರುತ್ತಾರೆ.”

ಶನಿವಾರವೇ ರಜ ಹಾಕಿ ರೈಲು ಹತ್ತಿದೆ. ಶಿಡ್ಲಘಟ್ಟ ಬಂತು, ಚಿಕ್ಕಬಳ್ಳಾಪುರ ಬಂತು. ಏಳು ಗೊಂಚಲು ಇಟ್ಟುಕೊಂಡವರನ್ನು ಯಾರೂ ಹಿಡಿಯುವುದಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತ ನಂದಿಯಲ್ಲಿಳಿದೆ. ತೋಟಕ್ಕೆ ಹೋಗಿ ನೋಡುತ್ತೇನೆ, ಚಪ್ಪರದಲ್ಲಿ ಒಂದೇ ಒಂದು ಗೊಂಚಲು!

“ಮಿಕ್ಕಿದ್ದು ಎಲ್ಲಿ ಭಾವ?”

“ಭರಣೀಲಿ” ಎಂದರು ಹೆಮ್ಮೆಯಿಂದ. “ಹಿಸುಕಿ ಎಂಟು ದಿನ ಆಯ್ತು. ಕಿವಿ ಕೊಟ್ಟು ಕೇಳು.”

ಕಿವಿ ಕೊಟ್ಟೆ. ಭರಣಿಯೊಳಗೆ ಗುಸುಗುಸು ಎನ್ನುತ್ತಿತ್ತು. ನನ್ನ ನೌಕರಿಯೇ ಒಳಗೆ ಕೂತು ಕೊನೆಯುಸಿರು ಎಳೆಯುತ್ತಿರುವ ಹಾಗೆ ಕೇಳಿಸಿತು. ಚೆಲ್ಲಿಬಿಡಿ ಎಂದು ಕಾಲು ಹಿಡಿದೆ. “ಸಾಹೇಬ್ರಿಗೆ ತೋರಿಸಿ, ಅವರು ಬೇಡ ಅಂದ್ರೆ ಚೆಲ್ತೀನಿ. ಕದ್ದುಮುಚ್ಚಿ ಮಾಡೋಕೆ ಇದೇನು ಕಳ್ಳಭಟ್ಟಿಯೇನಯ್ಯ?” ಎಂದರು.

ಆ ವ್ಯತ್ಯಾಸ ಕಾನೂನಿಗೆ ಗೊತ್ತಿಲ್ಲವಲ್ಲ!

ಭಾನುವಾರ ಜೀಪು ಬಂತು. ಇನ್ಸ್‌ಪೆಕ್ಟರು ಚಪ್ಪರ ನೋಡಿದರು, ಮತ್ಸ್ಯಾವತಾರದ ಕಥೆ ಕೇಳಿದರು. ಆಮೇಲೆ ಭಾವ, “ಬನ್ನಿ ಸ್ವಾಮಿ, ಒಳಗೆ ಒಂದು ತೋರಿಸ್ತೀನಿ” ಎಂದು ಕರೆದುಕೊಂಡು ಹೊರಟೇಬಿಟ್ಟರು. ನಾನು ಹಿಂದಿನಿಂದ ಯಾವ್ಯಾವ ದೇವರನ್ನು ಕರೆದೆನೋ ನನಗೇ ನೆನಪಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮೂವರೂ ನಿಂತೆವು. ಭರಣಿ ತೊಳೆದು ಬೋರಲು ಹಾಕಿತ್ತು. ಒಲೆಯ ಮೇಲೆ ಸಾರು ಕೊತಕೊತ ಕುದಿಯುತ್ತಿತ್ತು, ಕುಂಕುಮದಂತೆ ಕೆಂಪಗೆ.

“ಅದರಲ್ಲಿದ್ದದ್ದು ಎಲ್ಲೇ?” ಭಾವ ಬೋರಲು ಭರಣಿಯನ್ನು ಎತ್ತಿ ನೋಡಿದರು.

“ಹುಣಸೇಹಣ್ಣು ಮುಗಿದಿತ್ತು” ಎಂದಳು ಅಕ್ಕ, ಸೌಟು ತಿರುವುತ್ತ. “ಹುಳಿಯಾಗಿತ್ತಲ್ಲ, ಸಾರಿಗೆ ಹಾಕ್ದೆ.”

ಇನ್ಸ್‌ಪೆಕ್ಟರ ಮೂಗು ಎರಡು ಸಲ ಅರಳಿತು. ಅಕ್ಕನನ್ನು ನೋಡಿದರು, ಸಾರು ನೋಡಿದರು, ನನ್ನ ಮುಖದ ಬೆವರು ನೋಡಿದರು. ಆಮೇಲೆ ಎಲೆಯ ಮುಂದೆ ಕೂತರು. ಮೂರು ಸಲ ಸಾರು ಹಾಕಿಸಿಕೊಂಡು, “ಚಾರು ಚಾಲಾ ಬಾಗುಂದಮ್ಮಾ!” ಎಂದು ತೆಲುಗಿನಲ್ಲೇ ಹೊಗಳಿದರು. ಜೀಪು ಹತ್ತುವಾಗ ನನ್ನ ಬೆನ್ನು ತಟ್ಟಿ, “ನಿಮ್ಮ ಅಕ್ಕನವರು ನಮ್ಮ ಡಿಪಾರ್ಟ್‌ಮೆಂಟಿಗೆ ಬರಬೇಕಿತ್ತು” ಎಂದು ಮೀಸೆಯೊಳಗೇ ನಕ್ಕರು.

ನೌಕರಿ ಉಳಿಯಿತು. ಆದರೆ ಭಾವನ ಮುಖ ನೋಡಲಾಗಲಿಲ್ಲ. ತಮ್ಮ ಎಲೆಯ ಸಾರನ್ನೆಲ್ಲ ಉಂಡು, ಕೈತೊಳೆದು, ಚಪ್ಪರದ ಕೆಳಗೆ ಹೋಗಿ ಕೂತರು. ಹನ್ನೊಂದು ವರ್ಷ ಕಾದ ಮನುಷ್ಯ! ಮಧ್ಯಾಹ್ನದ ರೈಲಿಗೆ ಇನ್ನೂ ಹೊತ್ತಿದ್ದರೂ ಅಕ್ಕ ನನ್ನ ಚೀಲವನ್ನು ತಾನೇ ಎತ್ತಿಕೊಂಡು ಸ್ಟೇಷನ್ನಿನ ದಾರಿ ಹಿಡಿಸಿದಳು.

“ಯಾಕಕ್ಕಾ ಇಷ್ಟು ಅವಸರ?”

“ಒಂದು ಲೋಟ ಸೋಸಿ ತೆಗೆದಿಟ್ಟಿದ್ದೀನಿ ಕಣೋ” ಎಂದಳು ತಗ್ಗಿದ ದನಿಯಲ್ಲಿ. “ನೀನು ಹೋದ್ಮೇಲೆ ಅವರಿಗೆ ಕೊಡ್ತೀನಿ. ನೀನು ಕಂಡ್ರೆ ರಿಪೋರ್ಟು ಬರೀಬೇಕಾಗ್ತದಲ್ಲಪ್ಪಾ.”

ನಾನು ಚೀಲ ಈಸಿಕೊಂಡೆ. ಅವಳು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿರಬಿರನೆ ಹಿಂದಕ್ಕೆ ಹೊರಟಿದ್ದಳು.

ನಂದಿ ಬಿಟ್ಟ ರೈಲು ಭಾವನ ತೋಟದ ಪಕ್ಕವೇ ಹಾದುಹೋಗುತ್ತದೆ. ನಾನು ಆ ಕಡೆಯ ಕಿಟಕಿ ಬಿಟ್ಟು ಈ ಕಡೆಯ ಕಿಟಕಿಗೆ ಕೂತು, ಬೆಟ್ಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ನನ್ನ ಮೊಣಕೈ ತಿವಿದಳು.

“ಅಲ್ನೋಡಪ್ಪಾ, ಗಂಡಹೆಂಡ್ತಿ ಇಬ್ಬರೂ ಬಳ್ಳಿ ಕೆಳಗೆ ಕೂತ್ಕೊಂಡು ಒಂದೇ ಲೋಟದಾಗೆ ಏನೋ ಕುಡೀತಾವ್ರೆ!”

“ಕಾಫಿ ಇರ್ಬೇಕಮ್ಮಾ” ಎಂದೆ, ತಿರುಗಿ ನೋಡದೆ.